ಮುಡುಕುತೊರೆ ಸುತ್ತಿ ನರಸೀಪುರ ಸೇರಿದ್ದು

ಮೇ ಇಪ್ಪತ್ತು, ಮಂಗಳವಾರ, ಬೆಳಿಗ್ಗೆ ಎಂಟೂ ಹತ್ತಕ್ಕೆ ನಂಜನಗೂಡಿನ ನಿಲ್ದಾಣದಿಂದ ತಲಕಾಡಿನ ಬಸ್ಸು ಹೊರಟಿತು. ಹಿಂದಿನ ಸಂಜೆ ಮಳೆ ಬಿದ್ದಿದ್ದರಿಂದ ಕಿಟಕಿಯಲ್ಲಿ ತಂಪು ಗಾಳಿ ಬರುತ್ತಿತ್ತು. ನಾನು ಇಳಿಯಬೇಕಿದ್ದದ್ದು ದಾರಿಯಲ್ಲೇ ಸಿಗುವ ಟಿ. ನರಸೀಪುರದಲ್ಲಿ. ಅಲ್ಲಿನ ಒಂದು ಕ್ಲಿನಿಕ್ಕಿಗೆ ಪ್ರತಿ ಮಂಗಳವಾರ ಮೈಸೂರಿನಿಂದ ಸ್ಪೀಚ್ ಥೆರಪಿಸ್ಟ್ ಒಬ್ಬರು ಬರುತ್ತಾರೆ, ಒಂದು ಗಂಟೆಗೆ ಹೊರಟುಬಿಡುತ್ತಾರೆ. ಅವರನ್ನು ಒಂದು ಪ್ರಶ್ನೆ ಕೇಳಬೇಕಿತ್ತು. ಉಗ್ಗುವವನು ಮಾತಿನ ತೊಂದರೆಗೆ ಚಿಕಿತ್ಸೆ ಕೊಡುವ ಪದವಿಗೆ ಸೇರಬಹುದೇ?

ಉಗ್ಗುವವನು ನಾನೇ. ಈ ವರ್ಷ ವಿಜ್ಞಾನ ವಿಷಯದಲ್ಲಿ ಪಿಯುಸಿ ಮುಗಿಸಿದೆ. ಅಪ್ಪ ತಾಂಡ್ಯದ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಮೆಷಿನ್ ಆಪರೇಟರ್. "ನಿಂಗೇ ಮಾತು ಸಲೀಸಾಗಿ ಬರಲ್ಲ, ಇನ್ನೊಬ್ರಿಗೇನ್ ಕಲಿಸ್ತೀಯ ಮಗಾ?" ಎಂದು ಅವರು ಕೇಳಿದ್ದು ಗೇಲಿ ಮಾಡಲು ಅಲ್ಲ, ಭಯಕ್ಕೆ. ವಾರವೆಲ್ಲ ವಾದ ನಡೆದು ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಆ ಕೆಲಸ ಮಾಡುವವರನ್ನು ನಾನೊಬ್ಬನೇ ಹೋಗಿ ಕೇಳಬೇಕು. ಅವರು ಆಗುತ್ತದೆ ಎಂದರೆ ಅಪ್ಪ ಅಡ್ಡ ಬರುವುದಿಲ್ಲ. ಆಗುವುದಿಲ್ಲ ಎಂದರೆ ಅದೇ ವಾರ ಬಿ.ಕಾಂ.ಗೆ ಅರ್ಜಿ ಹಾಕಬೇಕು. ಅಕ್ಕ ಫೋನ್ ಮಾಡಿ ಹತ್ತು ಗಂಟೆಗೆ ಭೇಟಿ ಗೊತ್ತುಮಾಡಿ, ಆ ಥೆರಪಿಸ್ಟ್ ಮೇಡಂ ನಂಬರನ್ನು ನನಗೂ ಕಳಿಸಿದಳು. ನನ್ನ ಫೋನ್ ಮಾತುಗಳನ್ನೆಲ್ಲ ಆಡುವವಳು ಅವಳೇ.

ಕಂಡಕ್ಟರ್ ಬಂದು ಕೈ ಚಾಚಿದರು. ನನಗೆ 'ಟ'ಕಾರ ಬರುವುದಿಲ್ಲ. ಬರೀ 'ನರಸೀಪುರ' ಎನ್ನೋಣವೆಂದರೆ 'ನ' ಕೂಡ ನಾಲಿಗೆಯ ತುದಿಯಲ್ಲಿ ಅಂಟಿಕೊಂಡಿತು. ಹಿಂದೆ ಆರು ಜನ ಚೀಟಿಗಾಗಿ ಕಾಯುತ್ತಿದ್ದರು. ಉಗ್ಗುವವರಿಗೆಲ್ಲ ಗೊತ್ತಿರುವ ಉಪಾಯವನ್ನೇ ಮಾಡಿದೆ. ಬಾಯಿಗೆ ಬರುವ, ಇನ್ನೂ ಮುಂದಿನ ಊರನ್ನು ಹೇಳಿ ನಡುವೆ ಇಳಿದುಬಿಡುವುದು. "ಮುಡುಕುತೊರೆ" ಎಂದೆ, ನೀರಿನಂತೆ ಬಂತು. ಚೀಟಿಗೆ ಒಂದಿಷ್ಟು ಹೆಚ್ಚು ಖರ್ಚು, ಅಷ್ಟೇ. ಹೈಸ್ಕೂಲಿನಿಂದಲೂ ಹೀಗೆಯೇ ಓಡಾಡಿದ್ದೇನೆ.

ಒಂಬತ್ತೂ ಇಪ್ಪತ್ತೈದಕ್ಕೆ ನರಸೀಪುರದಲ್ಲಿ ಎದ್ದು ಬಾಗಿಲಿಗೆ ನಡೆದೆ. ನನ್ನ ಚೀಟಿ ಎಲ್ಲಿಗೆ ಎಂದು ಕೇಳಿಸಿಕೊಂಡಿದ್ದ ಪಕ್ಕದ ಸೀಟಿನ ಹೆಂಗಸು ಅಂಗಿ ಹಿಡಿದು ಎಳೆದರು. "ಇದಲ್ಲ ಕಣಪ್ಪ ಮುಡುಕುತೊರೆ, ಇನ್ನೂ ದೂರ ಅದೆ, ಕೂತ್ಕೊ." ಇಲ್ಲಿಯೇ ಇಳಿಯುತ್ತೇನೆ ಎನ್ನಲು ಬಾಯಿ ತೆರೆದೆ, ಗಾಳಿ ಮಾತ್ರ ಬಂತು. ಅಷ್ಟರಲ್ಲಿ ಕಂಡಕ್ಟರೂ ಹೊಸ ಹುಡುಗ ಪಾಪ ಎಂದುಕೊಂಡು, ಊರು ಬಂದಾಗ ತಾವೇ ಹೇಳುವುದಾಗಿ ಭುಜ ತಟ್ಟಿ ಕೂರಿಸಿದರು. ಬಸ್ಸು ಹೊರಟೇಬಿಟ್ಟಿತು. ಮುಂದಿನ ಸ್ಟಾಪಿನಲ್ಲಿ ಇಳಿಯಬೇಕಾದರೂ ಯಾಕೆಂದು ಹೇಳಬೇಕಲ್ಲ. ಸುಮ್ಮನೆ ಕೂತೆ. ಆ ಹೆಂಗಸು ದಾರಿಯುದ್ದಕ್ಕೂ ನನ್ನನ್ನು ಕಾಯ್ದು, ತಮ್ಮ ಕೈಚೀಲದಿಂದ ಎರಡು ಬಾಳೆಹಣ್ಣನ್ನೂ ತೆಗೆದುಕೊಟ್ಟರು.

ಹತ್ತೂ ಹತ್ತಕ್ಕೆ ಮುಡುಕುತೊರೆಯಲ್ಲಿ ನನ್ನನ್ನು ಗೌರವದಿಂದ ಇಳಿಸಿದರು. ಎದುರಿಗೆ ಬೆಟ್ಟ, ಆಚೆ ಕಾವೇರಿ, ಬಿಸಿಲು ಆಗಲೇ ಸುಡುತ್ತಿತ್ತು. ನರಸೀಪುರಕ್ಕೆ ಹಿಂದಿರುಗುವ ಬಸ್ಸು ಹನ್ನೊಂದೂವರೆಗೆ ಎಂದು ಅಂಗಡಿಯವರು ಹೇಳಿದರು. ಭೇಟಿಯ ಹೊತ್ತು ಮೀರಿತ್ತು. ಅಕ್ಕನಿಗೆ ಫೋನ್ ಮಾಡಿದೆ, ಅವಳು ಕೆಲಸದಲ್ಲಿದ್ದಳು, ಎತ್ತಲಿಲ್ಲ. ಮೇಡಂಗೆ ಮೆಸೇಜು ಹಾಕಬಹುದಿತ್ತು. ಆದರೆ ಬಂದದ್ದೇ ಮಾತಿನ ಕೆಲಸ ನನ್ನಿಂದಾಗುತ್ತದೆಯೇ ಎಂದು ಕೇಳಲು. ನದಿಯ ಕಡೆಗೆ ನಡೆದು, ಹೊಂಗೆಯ ನೆರಳಲ್ಲಿ ನಿಂತು, ಮೇಡಂ ನಂಬರು ಒತ್ತಿದೆ.

ಅವರು ಹಲೋ ಎಂದರು. ನನ್ನಿಂದ ಏನೂ ಹೊರಡಲಿಲ್ಲ. ಇಂಥ ಹೊತ್ತಿನಲ್ಲಿ ಜನ "ಯಾರ್ರೀ? ಯಾರು?" ಎಂದು ಕೇಳಿ ಇಟ್ಟುಬಿಡುತ್ತಾರೆ. ಅವರು ಇಡಲಿಲ್ಲ.

"ಲೈನಲ್ಲೇ ಇದೀನಿ. ನಿಧಾನವಾಗಿ ಹೇಳಿ" ಎಂದರು.

ಹೇಳಿದೆ. ಹೆಸರು, ಊರು, ಚೀಟಿಯ ಕಥೆ, ಎಲ್ಲವನ್ನೂ. ಟಿ. ನರಸೀಪುರ ಎನ್ನುವ ಹೆಸರಲ್ಲಿ ಎಷ್ಟು ಹೊತ್ತು ಸಿಕ್ಕಿಕೊಂಡಿದ್ದೆನೋ, ಅವರು ನಡುವೆ ಬಾಯಿ ಹಾಕಲಿಲ್ಲ. ಕೊನೆಯಲ್ಲಿ ನಕ್ಕರು. "ಬೇರೆ ಊರಿಗೆ ಟಿಕೆಟ್ ತಗೊಳ್ಳೋರನ್ನ ತುಂಬ ನೋಡಿದೀನಿ. ಆ ಊರಿಗೇ ಹೋಗಿ ಇಳಿದೋರು ನೀವೇ ಮೊದಲು. ಬನ್ನಿ, ಕಾಯ್ತೀನಿ."

ಹೊರಗಿನವರಿಗೆ ನಾನಾಗಿಯೇ ಮಾಡಿದ ಮೊದಲ ಫೋನು ಅದು. ಅಂಗಡಿಗೆ ವಾಪಸು ಬಂದು ಎರಡು ಇಡ್ಲಿ ತಿಂದೆ. ಹಸಿವು ಇನ್ನೂ ಇತ್ತು, ಮತ್ತೆರಡು ಹಾಕಿಸಿಕೊಂಡೆ.

ಹನ್ನೆರಡೂ ಕಾಲಿಗೆ ಕ್ಲಿನಿಕ್ ಸೇರಿದಾಗ ಮೇಡಂ ಎದುರಿಗೆ ಹಳ್ಳಿಯ ಗಂಡ ಹೆಂಡತಿ ಕೂತಿದ್ದರು. ಯಜಮಾನರಿಗೆ ಲಕ್ವ ಹೊಡೆದು ಮಾತು ಹೋಗಿತ್ತು. ಮನಸ್ಸಿನಲ್ಲಿ ಎಲ್ಲ ಇದೆ, ಪದ ಮಾತ್ರ ಸಿಗುವುದಿಲ್ಲ ಎಂದು ಮೇಡಂ ನನಗೆ ವಿವರಿಸಿ, ಅವರಿಬ್ಬರ ಒಪ್ಪಿಗೆ ಕೇಳಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಒಂದೊಂದೇ ಚಿತ್ರ ತೋರಿಸಿ ಇದೇನು ಎಂದು ಕೇಳುತ್ತಿದ್ದರು. ಯಜಮಾನರು ತುಟಿ ಅಲುಗಿಸುವ ಮೊದಲೇ ಹೆಂಡತಿ ಉತ್ತರ ಕೊಡುತ್ತಿದ್ದರು. "ಎತ್ತು ಸಾ... ಅಲ್ಲ, ಮೇಡಮ್ಮಾರೆ, ಎತ್ತು. ಅದು ಅವರ್ಗೂ ಗೊತ್ತು." ಸುಮ್ಮನಿರಿ ಎಂದು ಹೇಳಿದರೆ ಒಂದು ಚಿತ್ರದ ಮಟ್ಟಿಗೆ ಸುಮ್ಮನಿದ್ದು ಮತ್ತೆ ಶುರು. ಗಂಡನ ಕಷ್ಟ ಅವರಿಂದ ನೋಡಲಾಗುತ್ತಿರಲಿಲ್ಲ.

ನೀವೊಂದು ಸಲ ಕೇಳಿ ನೋಡಿ ಎಂದು ಮೇಡಂ ಚಿತ್ರಗಳ ಕಟ್ಟನ್ನು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಮೇಜಿನ ಮೇಲಿಟ್ಟೆ. ಯಜಮಾನರ ಮುಖ ನೋಡಿ, ಪಕ್ಕದಲ್ಲಿರುವವರು ಯಾರು ಎಂದು ಕೇಳಿದೆ. ಕೇಳುವಾಗ ನಾನೂ ಎರಡು ಕಡೆ ಉಗ್ಗಿದೆ. ಅವರ ಹೆಂಡತಿ ಬಾಯಿ ತೆರೆದರು, ಬೇಡವೆಂದು ಕೈ ಎತ್ತಿದೆ. ಆಮೇಲೆ ಕಾದೆ. ಪದ ಗಂಟಲಲ್ಲಿದ್ದು ಬಾಯಿಗೆ ಬಾರದಾಗ ಎದುರಿನವರು ಗಡಿಯಾರ ನೋಡಬಾರದು, ತಲೆಯಾಡಿಸಿ ಅವಸರ ಮಾಡಬಾರದು, ಪಾಪ ಎನ್ನುವ ಮುಖವನ್ನೂ ಮಾಡಬಾರದು. ಅದನ್ನು ನನಗೆ ಯಾರೂ ಕಲಿಸಬೇಕಿರಲಿಲ್ಲ. ಅವರ ಕುತ್ತಿಗೆಯ ನರ ಉಬ್ಬಿತು, ಇಳಿಯಿತು, ಮತ್ತೆ ಉಬ್ಬಿತು.

"ಕೆಂ... ಕೆಂಪಿ" ಎಂದರು.

ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಕಣ್ಣಲ್ಲಿ ನೀರು, ಜೊತೆಗೆ ನಾಚಿಕೆ. "ಲೇ, ಇವ್ಳೇ ಅಂತಲೇ ಕರೀತಿದ್ರು ಮೇಡಮ್ಮಾರೆ. ಮದ್ವೆ ಆದಾಗಿಂದ ಒಂದಿನ ಎಸ್ರಿಡಿದು ಕರ್ದಿರ್ನಿಲ್ಲ" ಎಂದರು. ಯಜಮಾನರು ಅರ್ಧ ಬಾಯಲ್ಲಿ ನಗುತ್ತಾ ಇನ್ನೊಂದು ಸಲ ಕರೆದರು.

ಅವರು ಹೋದ ಮೇಲೆ ನನ್ನ ಪ್ರಶ್ನೆ ಕೇಳಿದೆ. ಮೇಡಂ ಬಣ್ಣ ಹಚ್ಚದೆ ಹೇಳಿದರು. ಪದವಿ ನಾಲ್ಕು ವರ್ಷ, ಅದರಲ್ಲಿ ಕೊನೆಯ ವರ್ಷ ಪೂರ್ತಿ ರೋಗಿಗಳ ಜೊತೆ ಕೆಲಸ. ನನ್ನ ವಿಜ್ಞಾನ ವಿಷಯಗಳು ಸಾಕು. ಕೆಲವು ಕಡೆ ಪ್ರವೇಶ ಪರೀಕ್ಷೆ ಇದೆ, ಕೊನೆಯ ದಿನಾಂಕವನ್ನು ಕಾಲೇಜಿಗೊಂದರಂತೆ ನೋಡಿಕೊಳ್ಳಬೇಕು. ಕಿವಿಯ ಪರೀಕ್ಷೆ, ಶ್ರವಣಯಂತ್ರ, ಮಕ್ಕಳ ಮಾತು, ಲಕ್ವದವರ ಮಾತು ಎಲ್ಲವನ್ನೂ ಓದಿಸುತ್ತಾರೆ. ಮುಂದೆ ಎರಡು ವರ್ಷ ಸ್ನಾತಕೋತ್ತರ ಓದಿದರೆ ಒಂದನ್ನು ಹಿಡಿದುಕೊಳ್ಳಬಹುದು. ಮೌಖಿಕ ಪರೀಕ್ಷೆ ಕಷ್ಟವಾಗುತ್ತದೆ. ಮಗುವನ್ನು ಕರೆತಂದ ತಾಯಿ ನನ್ನ ಮಾತು ಕೇಳಿ ಎದ್ದು ಹೋಗಲೂಬಹುದು.

"ಅದೆಲ್ಲ ಆಗುತ್ತೆ. ಆದರೂ ಸೇರಿ" ಎಂದರು. "ಈಗ ಕಾದ್ರಲ್ಲ, ಅದು ನಂಗೆ ಬರೋಕೆ ಮೂರು ವರ್ಷ ಹಿಡೀತು."

ಎರಡು ಗಂಟೆಯ ಬಸ್ಸಿನಲ್ಲಿ ನಂಜನಗೂಡಿಗೆ ಹೊರಟೆ. ಸಂಜೆ ಅಪ್ಪ ಪಾಳಿ ಮುಗಿಸಿ ಬಂದು, ಚಪ್ಪಲಿ ಬಿಡುತ್ತಲೇ, ಏನಂದ್ರು ಎಂದು ಕೇಳಿದರು. ಅಕ್ಕ ಉತ್ತರಕ್ಕೆ ಬಾಯಿ ತೆರೆದಳು, ಅವಳನ್ನು ತಡೆದೆ. ಪದವಿಯ ಪೂರ್ತಿ ಹೆಸರನ್ನೂ ಮೇಡಂ ಹೇಳಿದ್ದೆಲ್ಲವನ್ನೂ ಒಂದಕ್ಷರ ಬದಲಿಸದೆ ಹೇಳಿದೆ. ಬಹಳ ಹೊತ್ತು ಹಿಡಿಯಿತು. ಕಾಫಿ ಆರಿತು, ಅಪ್ಪ ಲೋಟ ಮುಟ್ಟಲಿಲ್ಲ.

"ಆ ಎಸ್ರು ಇನ್ನೊಂದ್ಸಲ ಏಳು" ಎಂದರು. "ನಾಳೆ ತಾಂಡ್ಯದಲ್ಲಿ ಮಗ ಏನ್ ಓದ್ತಾನೆ ಅಂದ್ರೆ ನಾನು ಏಳ್ಬೇಕಲ್ಲ."

ಎರಡನೆಯ ಸಲ ಇನ್ನೂ ಹೆಚ್ಚು ಉಗ್ಗಿದೆ, ಸಂತೋಷಕ್ಕೆ. ಅಪ್ಪ ಒಂದೊಂದೇ ಪದವನ್ನು ನನ್ನ ಹಿಂದೆಯೇ ಹೇಳಿ ಬಾಯಿಪಾಠ ಮಾಡಿಕೊಂಡರು. ಅರ್ಜಿ ಮರುದಿನ ಬೆಳಿಗ್ಗೆಯೇ ಹೋಯಿತು.

ಓದುಗರಲ್ಲಿ ಉಗ್ಗುತ್ತಲೇ ಈ ಪದವಿ ಓದಿದವರು, ಓದುತ್ತಿರುವವರು ಇದ್ದರೆ ದಯವಿಟ್ಟು ಬರೆಯಿರಿ. ಮೌಖಿಕ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೇಳುವುದು ಹೇಗೆ, ಎದ್ದು ಹೊರಟ ತಾಯಿಯನ್ನು ಮತ್ತೆ ಕೂರಿಸುವುದು ಹೇಗೆ ಎಂಬುದು ನನಗೆ ಇನ್ನೂ ಗೊತ್ತಿಲ್ಲ.