ಇಂಗಿನ ಡಬ್ಬಿಯಲ್ಲಿ ಅಕ್ಕನ ದನಿ

ಗಂಟಲಿನ ಆಪರೇಷನ್ ಆದ ಮೇಲೆ ಖಾನಾಪುರದ ಅಕ್ಕ ನನ್ನೊಡನೆ ಮಾತು ಬಿಟ್ಟಿದ್ದಳು. ಮಾತಾಡುತ್ತಿದ್ದರೆ ದನಿ ಮೆಲ್ಲಗೆ ಮರಳುತ್ತದೆ ಎಂದು ಡಾಕ್ಟರು ಹೇಳಿದ್ದರು. ಆದರೂ ನಾನು ಹೋದರೆ ಚಹಾ ಕೊಟ್ಟು, ಮೊಬೈಲಿನಲ್ಲಿ ಟೈಪು ಮಾಡಿ ತೋರಿಸುತ್ತಿದ್ದಳು. ಓಣಿಗೆಲ್ಲ ಕೇಳುವಂತೆ ಪಾಠ ಹೇಳಿದ ಟೀಚರು ಆಕೆ! ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

"ಮುಂಜಾನೆ ಬಾಗಲಾ ಹಾಕ್ಕೊಂಡು ರೇಡಿಯೋ ಮುಂದ ಏನೋ ಮಾತಾಡ್ತಾರ್ರೀ," ಎಂದು ಅಕ್ಕನ ಪಕ್ಕದ ಮನೆಯಾಕೆ ಹೇಳಿದಾಗಂತೂ ತಲೆ ಕೆಟ್ಟುಹೋಯಿತು. ಅಕ್ಕ ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೋದವಳು, ಮನೆಯಿಂದಲೇ ಊರೂರಿನ ಹವ್ಯಾಸಿಗಳೊಡನೆ ಮಾತಾಡುವವಳು. ಊರವರಿಗೆ ಸಿಗುವ ದನಿ ನನಗೇಕಿಲ್ಲ?

ಬೆಳಗಾವಿಯ ನನ್ನ ಮನೆಯಲ್ಲಿದ್ದದ್ದು ಕಂಪ್ಯೂಟರಿಗೆ ಚುಚ್ಚುವ ಅಗ್ಗದ ರೇಡಿಯೋ ಡಾಂಗಲ್. ಅಕ್ಕ ಮಾತಾಡುವ ಏಳು ಮೆಗಾಹರ್ಟ್ಸ್ ಅದಕ್ಕೆ ಕೇಳದು. ಸಿಗ್ನಲನ್ನೇ ಅದಕ್ಕೆ ಕೇಳುವ ಎತ್ತರದ ಫ್ರೀಕ್ವೆನ್ಸಿಗೆ ಏರಿಸಿ ಕೊಡಬೇಕು. ಅದಕ್ಕೆ ಎರಡು ಸಿಗ್ನಲ್ ಬೆರೆಸುವ ಒಂದು ಮಿಕ್ಸರ್ ಚಿಪ್ಪು, ನೂರಿಪ್ಪತ್ತೈದು ಮೆಗಾಹರ್ಟ್ಸ್ ಆಸಿಲೇಟರ್, ಗುಜರಿಯ ಬಿಡಿಭಾಗಗಳು ಸಾಕು. ಮಚ್ಛೆಯ ಕಾರ್ಖಾನೆಯಿಂದ ಬಂದವನೇ ಬೂಟು ಬಿಚ್ಚದೆ ಬೆಸುಗೆಗೆ ಕೂರುತ್ತಿದ್ದೆ, ಅವಸರಕ್ಕೆ ಬೆರಳು ಸುಟ್ಟುಕೊಳ್ಳುತ್ತಿದ್ದೆ. ಹೊರಗಿನ ರೇಡಿಯೋ ಗದ್ದಲ ತಡೆಯಲು ತಗಡಿನ ಕವಚ ಬೇಕಾಯಿತು. ಅಡುಗೆಮನೆಯ ಇಂಗಿನ ಡಬ್ಬಿ ಖಾಲಿ ಮಾಡಿದೆ.

"ಸಾರಿಗೆ ಇನ್ನ ನಿಮ್ಮ ವೈರ್ ಹಾಕ್ಲೇನ್ರಿ?" ಎಂದಳು ಹೆಂಡತಿ.

ಭಾನುವಾರ ಮುಂಜಾನೆ ಹೆಡ್‌ಫೋನ್ ಹಾಕಿಕೊಂಡೆ. ಮಾತಿಗೆ ಮೊದಲು ತನ್ನ ಕರೆಸಂಕೇತವನ್ನು ಮೋರ್ಸ್‌ನಲ್ಲಿ ಬಡಿಯುವುದು ಅಕ್ಕನ ಹಳೆಯ ಚಾಳಿ. ಅದು ಕೇಳಿತು. ಆಮೇಲೆ ಬಂದದ್ದು ಬಾತುಕೋಳಿಯ ಕೂಗು, ಒಂದಕ್ಷರವೂ ತಿಳಿಯದು. ಅಕ್ಕನ ಗಂಟಲು ಹೋಯಿತು ಎಂದುಕೊಂಡೆ. ಖಾನಾಪುರಕ್ಕೆ ಓಡಲು ಸ್ಕೂಟರಿನ ಕೀಲಿಗೆ ಕೈಹಾಕಿದೆ.

ಅಷ್ಟರಲ್ಲಿ ಉತ್ತರ ಕೊಟ್ಟವರೂ ಬಾತುಕೋಳಿಯೇ!

ಆಗ ಹೊಳೆಯಿತು. ಬೆರೆತ ಸಿಗ್ನಲ್ ಆಸಿಲೇಟರಿನ ಮೇಲೊಂದು, ಕೆಳಗೊಂದು, ಎರಡು ಕಡೆ ಬೀಳುತ್ತದೆ. ಗಡಿಬಿಡಿಯಲ್ಲಿ ನೂರಿಪ್ಪತ್ತೈದಕ್ಕೆ ಏಳನ್ನು ಕೂಡುವ ಬದಲು ಕಳೆದು, ಕೆಳಗಿನದನ್ನು ಹಿಡಿದಿದ್ದೆ. ಅಲ್ಲಿ ಮಾತು ತಿರುಗಾಮುರುಗಾ ಆಗುತ್ತದೆ. ಶತದಡ್ಡ ನಾನು. ಮೇಲಿನದಕ್ಕೆ ತಿರುಗಿಸಿದೆ.

"ತಮ್ಮನ ಜೋಡಿ ಮಾತಾಡಿದ್ರೇನ್ರಿ ಅಕ್ಕಾರ?" ಗಂಡಸಿನ ದನಿ, ಸ್ಪಷ್ಟ.

"ಇನ್ನ ಇಲ್ರಿ." ಒಡಕು ದನಿ, ನಡುವೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಆದರೆ ಅಕ್ಕನದೇ. "ಹಿಂಗ ಕೇಳಿದ್ರ ಅಂವ ಅಳ್ತಾನ. ಎಲ್ಲಾ ಬರಾಕತ್ತೈತಿ, ಅವನ ಹೆಸರು ಹಿಡದು ಕರಿಯೂದೊಂದು ನೆಟ್ಟಗ ಬರವಲ್ದು. ನಿಮ್ಮ ಮುಂದ ರೂಢಿ ಮಾಡ್ಕೊಂತೀನಿ, ಕೇಳ್ರಿ."

ಅಕ್ಕ ನನ್ನ ಹೆಸರು ಕೂಗಿದಳು. ಅರ್ಧಕ್ಕೆ ಒಡೆಯಿತು. ಮತ್ತೆ ಕೂಗಿದಳು, ಮತ್ತೆ. ತಿರುಗಿ ಮಾತಾಡುವ ಯಂತ್ರ ನನ್ನ ಬಳಿ ಇರಲಿಲ್ಲ. ಆದರೂ ಪ್ರತಿ ಸಲವೂ "ಓ" ಅಂದೆ.