ವ್ಯಾನು ನೋಡುವ ಶಾಸ್ತ್ರ

ಹಳೆಯ ವಾಹನ ಕಂಡರೆ ನನಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ದುಂಡು ದೀಪ, ಅಗಲವಾದ ಗಾಜು, ಬಾಗಿಲು ಹಾಕಿದರೆ ಧಡ್ ಎನ್ನುವ ಆ ಗಟ್ಟಿ ಸದ್ದು, ಇಷ್ಟಿದ್ದರೆ ಸಾಕು, ನಾನು ಸೋತೆ. ಓಡಿಸುವುದೇನೋ ಬರುತ್ತದೆ. ಆದರೆ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದ ನಾನು ಹಳಗನ್ನಡವನ್ನಾದರೂ ಬಿಡಿಸಿ ಅರ್ಥ ಹೇಳಬಲ್ಲೆ; ಇಂಜಿನ್ನು ಮಾತ್ರ ನನ್ನ ಪಾಲಿಗೆ ಲಿಪಿ ಗೊತ್ತಿಲ್ಲದ ಶಾಸನ.

ಇಂಥವನು ವ್ಯಾನು ಹುಡುಕಲು ಹೊರಟದ್ದು ಹೆಂಡತಿಗಾಗಿ. ಬೆನ್ನಿನ ಆಪರೇಷನ್ ಆದಮೇಲೆ ಸುಶೀಲೆಗೆ ಅರ್ಧ ಗಂಟೆಗಿಂತ ಹೆಚ್ಚು ಕೂರಲಾಗುವುದಿಲ್ಲ. ಆದರೆ ಶ್ರೀರಂಗಪಟ್ಟಣದಿಂದ ಕಾಶಿಯವರೆಗೆ, ಊರೂರು ನೋಡಿಕೊಂಡು, ರಸ್ತೆಯಲ್ಲೇ ಹೋಗಬೇಕೆಂಬುದು ಅವಳ ಹಳೆಯ ಆಸೆ. ಮದುವೆಯಾದಾಗಿನಿಂದ ಅದನ್ನು "ಮುಂದಿನ ರಜಕ್ಕೆ" ಎಂದು ಮುಂದೂಡುತ್ತ ಬಂದ ಪಾಪಿ ನಾನೇ. ಹಿಂದೆ ಹಾಸಿಗೆ ಹಾಕಬಹುದಾದ ವ್ಯಾನಾದರೆ ಮಲಗಿಕೊಂಡೇ ಹೋಗಬಹುದು. ಹೊಸದು ನಮ್ಮ ಕೈಗೆಟುಕುವುದಿಲ್ಲ. ಹಳೆಯದು ನರ್ಮದೆಯ ಆಚೆ ಎಲ್ಲೋ ಕೈಕೊಟ್ಟರೆ ಅವಳನ್ನು ಬಸ್ಸು ಹತ್ತಿಸುವಂತಿಲ್ಲ. ನನ್ನ ಭಯವೆಲ್ಲ ಅದೇ ಆಗಿತ್ತು.

ಬಾಬುರಾಯನಕೊಪ್ಪಲಿನ ನಜೀರ್ ಸಾಬರನ್ನು ಜೊತೆಗೆ ಕರೆದೆ. ಲಾರಿ, ಬಸ್ಸು, ಟ್ರಾಕ್ಟರು ಎಲ್ಲದರ ಹೊಟ್ಟೆ ಬಗೆದು ನೋಡಿದ ಮೆಕ್ಯಾನಿಕ್ಕು. ಅವರ ಕ್ರಮವೇ ಬೇರೆ. ಬೆಳಿಗ್ಗೆ ಬೇಗ, ಮುಂಚೆ ತಿಳಿಸದೆ ಹೋಗಬೇಕು. ಮೊದಲು ಇಂಜಿನ್ನಿನ ಮೇಲೆ ಅಂಗೈ ಇಡಬೇಕು. ಬೆಚ್ಚಗಿದ್ದರೆ ಮಾಲೀಕ ಆಗಲೇ ಅದನ್ನು ಎಬ್ಬಿಸಿ ಕೂರಿಸಿದ್ದಾನೆ, ತಣ್ಣಗಿದ್ದಾಗ ಅದು ಏಳುವುದಿಲ್ಲ ಎಂದು ಅರ್ಥ. ಆಮೇಲೆ ವ್ಯಾನು ನಿಂತಿದ್ದ ನೆಲದಲ್ಲಿ ಎಣ್ಣೆಯ ಕಲೆ ಹುಡುಕಬೇಕು. "ಗಾಡಿ ಸುಳ್ಳೇಳ್ಬೋದು ಮೇಷ್ಟ್ರೇ, ನೆಲ ಸುಳ್ಳೇಳಾಕಿಲ್ಲ" ಎನ್ನುತ್ತಿದ್ದರು.

ನಮ್ಮ ಕಡೆ ಎತ್ತು ಕೊಳ್ಳುವವರು ಹಲ್ಲು ಎಣಿಸಿ, ಮೈಮೇಲಿನ ಸುಳಿ ನೋಡಿ, ಬಾಲ ಹಿಡಿದು ನಡೆಸಿ ನೋಡುತ್ತಾರೆ. ಹಿಂದಿನ ಕಾಲದ ಪಂಡಿತರು ಕುದುರೆಯ ಲಕ್ಷಣಗಳನ್ನು ಶ್ಲೋಕಗಳಲ್ಲಿ ಕಟ್ಟಿಟ್ಟಿದ್ದರಂತೆ. ಸಾಬರಿಗೆ ಶ್ಲೋಕ ಬರುವುದಿಲ್ಲ. ಆದರೆ ಅವರು ಕಣ್ಣು ಮುಚ್ಚಿ, ತಲೆ ವಾಲಿಸಿ ಇಂಜಿನ್ನಿನ ಸದ್ದು ಕೇಳುವಾಗ ನನಗೆ ಆ ಪಂಡಿತರ ನೆನಪೇ ಬರುತ್ತಿತ್ತು.

ಕೆ.ಆರ್. ಪೇಟೆಯ ವ್ಯಾನನ್ನು ನಾನೇ ಕೆಡಿಸಿದೆ. ಹೇಳದೆ ಕೇಳದೆ ಒಬ್ಬರ ಮನೆಗೆ ನುಗ್ಗುವುದು ಮರ್ಯಾದೆಯಲ್ಲವೆಂದು ಕದ್ದು ಫೋನ್ ಮಾಡಿದ್ದೆ. ಹೋದರೆ ಉಪ್ಪಿಟ್ಟು ಬಿಸಿ, ಕಾಫಿ ಬಿಸಿ, ಇಂಜಿನ್ನೂ ಬಿಸಿ. ಸಾಬರು ಉಪ್ಪಿಟ್ಟು ತಿಂದು, ನನ್ನ ಮುಖ ನೋಡಿ ಎದ್ದರು.

ನಾಗಮಂಗಲದ್ದನ್ನು ಕಂಡಾಗ ನಾನು ಕೈಮುಗಿದೇಬಿಟ್ಟೆ. ಮೂತಿಯ ತುಂಬ ಗಂಧ, ಅದರ ಮೇಲೆ ಅಂಗೈಯಗಲ ಕುಂಕುಮ, ಮೇಲೊಂದು ಸೇವಂತಿಗೆ ಹಾರ. ಅರ್ಚಕರ ಮನೆಯಲ್ಲಿ ಹುಟ್ಟಿದವನಿಗೆ ಇನ್ನೇನು ಬೇಕು? ಇದೇ ಸರಿ ಎಂದುಕೊಂಡೆ. ಸಾಬರು ಮಾತ್ರ ಹತ್ತಿರ ಹೋಗಿ, ಕೈ ಹಿಂದೆ ಕಟ್ಟಿಕೊಂಡು ನಿಂತರು.

"ಆಯುಧಪೂಜೆಗೆ ಇನ್ನೂ ಮೂರ್ ತಿಂಗ್ಳೈತೆ. ಈಗ್ಲೇ ಇಷ್ಟೊಂದ್ ಕುಂಕ್ಮ ಯಾಕೆ?" ಎಂದು ನನ್ನ ಕಿವಿಯಲ್ಲಿ ಕೇಳಿದರು. "ನಾನು ಮುಟ್ಬಾರ್ದು, ನಿಮ್ ದೇವ್ರುದ್ದು. ನೀವೇ ಒರ್ಸಿ ನೋಡಿ."

ನನಗೆ ಧೈರ್ಯ ಬರಲಿಲ್ಲ. ದೂರ ಹೋಗಿ ಸುಶೀಲೆಗೆ ಫೋನ್ ಮಾಡಿ ಸಾಬರ ಅನುಮಾನ ಹೇಳಿದೆ. "ದೇವರು ತುಕ್ಕಿನ ಮೇಲೆ ಕೂತಿರಲ್ಲ, ಸುಮ್ನೆ ಒರೆಸಿ ನೋಡ್ರೀ" ಎಂದಳು. ಕರವಸ್ತ್ರದಲ್ಲಿ ಒರೆಸಿದೆ. ಗಂಧದ ಜೊತೆ, ತುಕ್ಕು ಮುಚ್ಚಲು ಮೆತ್ತಿದ್ದ ಪುಟ್ಟಿಯೂ ಉದುರಿ, ಹೆಬ್ಬೆರಳು ತೂರುವಷ್ಟು ತೂತು ಕಾಣಿಸಿತು. ಆ ತೂತಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಸಾಬರ ಕಟ್ಟಿದ ಕೈಗಳು. ಕಣ್ಣಿಗೆ ಮೋಸ ಕಂಡರೂ ಅದರ ಮೇಲಿದ್ದ ನನ್ನ ಭಕ್ತಿಯನ್ನು ಅವರು ಮುಟ್ಟಲಿಲ್ಲ. ಇಂಥವರ ಜೊತೆ ಓಡಾಡಿದ್ದೇ ಒಂದು ಯಾತ್ರೆ ಎನ್ನಿಸಿತು.

ಕೊನೆಗೆ ಪಾಂಡವಪುರದ ಕರೀಗೌಡರ ಹಿತ್ತಲಿನಲ್ಲಿ ಒಂದು ಬೂದು ಬಣ್ಣದ ವ್ಯಾನು ಸಿಕ್ಕಿತು. ಕುಂಕುಮವಿಲ್ಲ, ಹಾರವಿಲ್ಲ. ಇಂಜಿನ್ನು ತಣ್ಣಗಿತ್ತು, ಎರಡೇ ಸಲಕ್ಕೆ ಎದ್ದಿತು. ಗೌಡರು ತಾವೇ ಅದರ ಕಾಯಿಲೆ ಹೇಳತೊಡಗಿದರು: "ಮಳೆ ಬಂದ್ರೆ ಎಡಗಡೆ ಸೋರ್ತದೆ ಸಾಮಿ. ಎರಡ್ನೇ ಗೇರು ಒಸಿ ಬಿಗಿ. ಆಮೇಲೆ ನನ್ನ ಬೈಬ್ಯಾಡಿ." ಸಾಬರ ಮುಖ ಅಂದು ಮೊದಲ ಸಲ ಅರಳಿತು.

"ಗಾಡಿ ನಾನ್ ನೋಡಾಯ್ತು. ಮಲಗೋರು ಅಮ್ಮಾವ್ರು, ಅವ್ರು ನೋಡ್ಲಿ" ಎಂದರು.

ಶ್ರೀರಂಗಪಟ್ಟಣದಿಂದ ಅರ್ಧ ಗಂಟೆಯೊಳಗಿನ ದಾರಿ. ಮಾರನೆಯ ದಿನ ಸುಶೀಲೆಯನ್ನು ಆಟೋದಲ್ಲಿ ಕರೆತಂದೆ. ವ್ಯಾನಿನಲ್ಲಿ ಹಾಸಿಗೆ ಹಾಸಿ ಮಲಗಿಸಿದೆವು. ಸಾಬರು ತೊಣ್ಣೂರು ಕೆರೆಯವರೆಗೆ ಓಡಿಸಿದರು, ಬೇಕೆಂದೇ ಹಳ್ಳಕೊಳ್ಳವಿದ್ದ ರಸ್ತೆಯಲ್ಲಿ. ಪಕ್ಕದಲ್ಲಿ ಕೂತ ನಾನು ಒಂದೊಂದು ಗುಂಡಿಗೂ ಹಲ್ಲು ಕಚ್ಚಿ, ಹಿಂದಿನಿಂದ "ಅಮ್ಮಾ" ಎಂಬ ನರಳಾಟ ಬರುವುದನ್ನೇ ಕಾದೆ. ಬರಲಿಲ್ಲ.

ಹಿತ್ತಲಿಗೆ ಮರಳಿದಾಗ ಗೌಡರು ಓಡಿ ಬಂದು "ಒಪ್ಗೆ ಆಯ್ತಾ ಸಾಮಿ?" ಎಂದರು. ಸಾಬರು ತುಟಿಯ ಮೇಲೆ ಬೆರಳಿಟ್ಟರು. ಬಗ್ಗಿ ನೋಡಿದೆ. ಮನೆಯಲ್ಲೇ ಮಾತ್ರೆ ಇಲ್ಲದೆ ನಿದ್ದೆ ಬಾರದವಳು, ಬಾಯಿ ತುಸು ತೆರೆದುಕೊಂಡು, ಗಾಢ ನಿದ್ದೆಯಲ್ಲಿದ್ದಳು. ನನ್ನ ಕಣ್ಣು ತುಂಬಿತು.

ಮೂವರು ಗಂಡಸರು ಮುಕ್ಕಾಲು ಗಂಟೆ ಹುಣಸೆ ಮರದಡಿ ಪಿಸುಮಾತಿನಲ್ಲೇ ಕೂತೆವು. ಕೊನೆಗೆ ಒಳಗಿನಿಂದ ಅರೆನಿದ್ದೆಯ ದನಿ ಬಂತು: "ರೀ, ಕಾಶಿ ಬಂತಾ?"

"ಇನ್ನೊಂಚೂರು ದೂರ ಇದೆ," ಎಂದೆ. "ಮಲಕ್ಕೋ."