ಎರಡನೇ ಗುಂಡು

ಕೋವಿಡ್ ಮುಗಿದು ತರಗತಿಗಳು ಮತ್ತೆ ತುಂಬಿದ ವರ್ಷ ನಾನು ದಕ್ಷಿಣ ಕೊಡಗಿನ ಒಂದು ಪದವಿ ಕಾಲೇಜಿನಲ್ಲಿ ಪತ್ರಿಕೋದ್ಯಮ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಮುಖ್ಯಸ್ಥೆ ಎಂದರೆ ದೊಡ್ಡದೇನೂ ಅಲ್ಲ, ವಿಭಾಗದಲ್ಲಿ ಇದ್ದವಳೇ ನಾನೊಬ್ಬಳು. ನನ್ನೂರು ಸೋಮವಾರಪೇಟೆ ಕಡೆ. ಹುದಿಕೇರಿಯ ಹತ್ತಿರ ಬಾಡಿಗೆ ಮನೆ ಮಾಡಿಕೊಂಡು ಅರ್ಧ ಆಯುಷ್ಯ ಕಳೆದಿದ್ದರೂ ಇಲ್ಲಿಯವರಿಗೆ ನಾನು ‘ಆ ಕಡೆಯ ಮೇಡಂ’. ಬಾಯಿ ಜೋರು ಎಂಬ ಹೆಸರೂ ಇತ್ತು. ಅದು ಸುಳ್ಳೇನಲ್ಲ. ವಿಭಾಗಕ್ಕೆ ಸೇರುವ ಮಕ್ಕಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರು, ನನ್ನ ನಿವೃತ್ತಿ ಹತ್ತಿರವಾಗುತ್ತಿತ್ತು. ಕೂತಲ್ಲಿ ಕೂರಲಾಗದ, ನಿಂತಲ್ಲಿ ನಿಲ್ಲಲಾಗದ ದಿನಗಳು ಅವು.

ಅಂತಿಮ ವರ್ಷದವರಿಗೆ ‘ಮಾಧ್ಯಮ, ಜಾಹೀರಾತು ಮತ್ತು ಜಾಗತಿಕ ಸಂಸ್ಕೃತಿ’ ಎಂಬ ವಿಷಯವಿತ್ತು. ಅದರ ಮೇಲೊಂದು ಪ್ರಬಂಧ ಬರೆದುಕೊಡಬೇಕು. ಹೆಚ್ಚಿನವರು ಇಂಟರ್ನೆಟ್ಟಿನಿಂದ ಇಳಿಸಿ, ಹೆಸರು ಬದಲಿಸಿ ತಂದು ಒಪ್ಪಿಸುತ್ತಿದ್ದರು. ದೇಚಮ್ಮ ಎಂಬ ಹುಡುಗಿ ಮಾತ್ರ ತಾನೇ ಬರೆದಿದ್ದಳು. ‘ಕಾಫಿ ಜಾಹೀರಾತಿನಲ್ಲಿ ಕುಡಿಯುವವರಿಗೆ ಮುಖ ಇರುತ್ತದೆ, ಬೆಳೆಯುವವರಿಗೆ ಕೈ ಮಾತ್ರ. ಕೈ ಹಣ್ಣು ಕೊಯ್ಯುತ್ತದೆ, ಅಷ್ಟರಲ್ಲಿ ದೃಶ್ಯ ಬದಲಾಗುತ್ತದೆ. ಹುಟ್ಟಿದಂದಿನಿಂದ ಕಾಫಿಯ ನಡುವೆ ಇದ್ದೇನೆ, ಪರದೆಯ ಮೇಲೆ ನನ್ನ ಕಡೆಯವರ ಮುಖ ಒಮ್ಮೆಯೂ ನೋಡಿಲ್ಲ.’ ಓದಿ ಖುಷಿಯಾಯಿತು. ಆದರೂ ಮೇಷ್ಟ್ರ ಬುದ್ಧಿ ಎಲ್ಲಿ ಬಿಡುತ್ತದೆ? ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದೆ: ‘ಸರಿ. ಮುಖ ಬಂದರೆ ಏನಾಗುತ್ತದೆ?’

ಅದೇ ಹೊತ್ತಿಗೆ ಬೆಂಗಳೂರಿನ ಒಂದು ಜಾಹೀರಾತು ಸಂಸ್ಥೆಯವರು ಕಾಲೇಜಿಗೆ ಬಂದರು. ವಿದೇಶಿ ಕಾಫಿ ಕಂಪನಿಯೊಂದರ ಹೊಸ ಪುಡಿಗೆ ಜಾಹೀರಾತು ಮಾಡಬೇಕಿತ್ತು. ಹಲವು ದೇಶಗಳಲ್ಲಿ ತೋರಿಸುವಂಥದ್ದು. ಸ್ಥಳೀಯರೊಬ್ಬರು ಇಂಟರ್ನ್, ಅಂದರೆ ಕೆಲಸ ಕಲಿಯುತ್ತಾ ಓಡಾಡುವವರು, ಬೇಕೆಂದರು. ನಾನು ದೇಚಮ್ಮನನ್ನು ಕಳುಹಿಸಿದೆ. ಮೊದಲ ಮೀಟಿಂಗಿನಲ್ಲೇ ಅವಳು ತಮ್ಮ ಮನೆಯ ಒಂದು ಕಥೆ ಹೇಳಿದಳಂತೆ. ಕೊಡವರಲ್ಲಿ ಗಂಡುಮಗು ಹುಟ್ಟಿದರೆ ಅಂಗಳದಲ್ಲಿ ಒಂದು ಗುಂಡು ಹಾರಿಸುವ ಪದ್ಧತಿ. ಇವಳು ಹುಟ್ಟಿದಾಗ ಅಜ್ಜ ಉತ್ತಯ್ಯ, ‘ಹೆಣ್ಣಾದರೇನು, ನನ್ನ ಮೊಮ್ಮಗಳಲ್ವಾ?’ ಎಂದು ಹಠ ಹಿಡಿದು ಹಾರಿಸಿದ್ದರು. ನಿರ್ದೇಶಕನ ಕಣ್ಣು ಅರಳಿತು. ಹೊಸ ರುಚಿಯೊಂದು ಹುಟ್ಟಿದೆ ಎಂದು ಜಗತ್ತಿಗೆ ಸಾರುವ ಒಂದು ಗುಂಡು! ಜಾಹೀರಾತು ಅಲ್ಲೇ ನಿಶ್ಚಯವಾಯಿತು. ಚಿತ್ರೀಕರಣ ಉತ್ತಯ್ಯನವರ ಅಂಗಳದಲ್ಲೇ ಎಂದೂ ಆಯಿತು.

‘ಒಂದೇ ಗುಂಡು ಸರ್’ ಎಂದು ದೇಚಮ್ಮ ಒತ್ತಿ ಹೇಳಿದ್ದಳು. ಒಂದರ ಹಿಂದೆ ಇನ್ನೊಂದು ಹಾರಿದರೆ ಆ ಮನೆಯಲ್ಲಿ ಸಾವಾಗಿದೆ ಎಂದರ್ಥ. ಇನ್ನೊಂದು ಟೇಕ್ ಬೇಕಾದರೆ, ಅಂದರೆ ಅದೇ ದೃಶ್ಯವನ್ನು ಮತ್ತೆ ತೆಗೆಯಬೇಕಾದರೆ, ಮೊದಲು ಅವಳು ಊರಿಗೆ ತಿಳಿಸಬೇಕು, ಆಮೇಲಷ್ಟೇ ಕೋವಿ. ಎಲ್ಲರೂ ತಲೆಯಾಡಿಸಿದರು. ಊರಿನ ವಾಟ್ಸ್ಯಾಪ್ ಗುಂಪಿಗೂ ಅವಳು ಸಂದೇಶ ಹಾಕಿದಳು: ‘ನಾಳೆ ಬೆಳಿಗ್ಗೆ ನಮ್ಮ ಮನೇಲಿ ಒಂದು ಗುಂಡು ಕೇಳಿದ್ರೆ ಗಾಬರಿ ಬೇಡ, ಶೂಟಿಂಗ್.’

ಕಾಫಿ ಹೂ ಬಿಟ್ಟ ವಾರ ಅದು. ಶಿಷ್ಯೆಯ ಮೊದಲ ಕೆಲಸ ನೋಡೋಣವೆಂದು ನಾನೂ ಹೋಗಿದ್ದೆ. ಎಂಬತ್ತು ದಾಟಿದ ಉತ್ತಯ್ಯ ಶ್ವಾಸಕೋಶದ ತೊಂದರೆಯಿಂದ ಒಳಕೋಣೆಯಲ್ಲಿ ಮಲಗಿದ್ದರು. ಇಂದೋ ನಾಳೆಯೋ ಎಂದು ಊರೆಲ್ಲ ಮಾತಾಡಿಕೊಳ್ಳುತ್ತಿತ್ತು. ಮಾತ್ರೆ ಕೊಡಲು ದೇಚಮ್ಮ ಒಳಗೆ ಹೋಗಿದ್ದಳು. ಹೊರಗೆ ಮುಂಬೈನಿಂದ ಬಂದ ಮಾಡೆಲ್ ಹುಡುಗ ಕೊಡವರ ಕಪ್ಪು ನಿಲುವಂಗಿ ಕುಪ್ಯ ತೊಟ್ಟು, ಶೂಟಿಂಗಿಗೆಂದೇ ತರಿಸಿದ, ಬರೀ ಸದ್ದು ಮಾಡುವ ಜೋಡುನಳಿಗೆ ಕೋವಿ ಹಿಡಿದು ನಿಂತಿದ್ದ. ಢಂ ಎಂದಿತು. ಅವನ ಕಣ್ಣು ಮುಚ್ಚಿಕೊಂಡಿತು. ಬೆಳಕು ಜಾರಿಹೋಗುವ ಆತುರದಲ್ಲಿ ನಿರ್ದೇಶಕ, ‘ಒನ್ಸ್ ಮೋರ್!’ ಎಂದು ಕೂಗಿದ. ಕೋವಿಯಲ್ಲಿ ಇನ್ನೊಂದು ನಳಿಗೆ ಇದ್ದೇ ಇತ್ತು. ಹುಡುಗ ಅದನ್ನೂ ಹಾರಿಸಿದ.

ದೇಚಮ್ಮ ಹೊರಗೆ ಓಡಿ ಬಂದಳು. ‘ಸರ್, ಏನ್ ಮಾಡಿದ್ರಿ!’ ಎಂದವಳೇ ಫೋನ್ ಹಿಡಿದು ಅಂಗಳದ ತುದಿಗೆ ಹೋದಳು. ಅಲ್ಲಿ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಂದು ಇಲ್ಲ. ಕೊಯ್ಲಾಗಿ ಒಣಗಿದ ಗದ್ದೆಯ ಆಚೆಯಿಂದ ಜನ ಬರತೊಡಗಿದರು. ಶೂಟಿಂಗಿಗೆ ಒಂದು ಗುಂಡು ಎಂದಿದ್ದರು, ಎರಡು ಕೇಳಿತು. ಅಂದರೆ ಮುದುಕ ಹೋದ ಎಂದು ಅವರ ಲೆಕ್ಕ. ಎಲ್ಲರಿಗಿಂತ ಮುಂದೆ ಮಾದಪ್ಪ ಇದ್ದರು.

ಈ ಮಾದಪ್ಪನವರ ವಿಷಯ ಹೇಳಲೇಬೇಕು. ಗದ್ದೆಯಾಚೆಯ ಮನೆ, ಉತ್ತಯ್ಯನವರ ಓರಗೆಯವರು, ಚಡ್ಡಿ ದೋಸ್ತಿ. ಇಪ್ಪತ್ತು ವರ್ಷಗಳ ಹಿಂದೆ ಕೊಡವ ಕುಟುಂಬಗಳ ನಡುವಿನ ಹಾಕಿ ಆಟದ ಪಂದ್ಯವೊಂದಕ್ಕೆ ಅಂಪೈರ್ ಆಗಿದ್ದಾಗ ಅವರು ಉತ್ತಯ್ಯನವರ ಕುಟುಂಬದ ವಿರುದ್ಧ ಪೆನಾಲ್ಟಿ ಸ್ಟ್ರೋಕ್, ಅಂದರೆ ತಪ್ಪಿಗೆ ದಂಡವಾಗಿ ಎದುರಾಳಿಗೆ ನೇರ ಗೋಲಿನ ಹೊಡೆತ, ಕೊಟ್ಟರು. ಆ ಒಂದು ಗೋಲಿನಿಂದ ಇವರು ಸೋತರು. ಮೈದಾನದಲ್ಲಿ ಶುರುವಾದ ಜಗಳ ಮೈದಾನದಲ್ಲಿ ಮುಗಿಯಲಿಲ್ಲ. ‘ನೀನು ಸತ್ತ ಮೇಲೇ ನಿನ್ನ ಅಂಗಳ ತುಳಿಯೋದು’ ಎಂದು ಮಾದಪ್ಪ ಹೇಳಿ ಹೋದವರು, ಹೇಳಿದಂತೆಯೇ ನಡೆದುಕೊಂಡಿದ್ದರು. ಕೊಡಗಿನಲ್ಲಿ ಆಸ್ತಿ ಜಗಳ ರಾಜಿಯಾಗಬಹುದು, ಹಾಕಿ ಜಗಳ ಮಾತ್ರ ಕಷ್ಟ.

ಆ ಮನುಷ್ಯ ಬಂದದ್ದು ಒಂದು ಕಾಲಿಗೆ ಮಾತ್ರ ಶೂ ಹಾಕಿಕೊಂಡು, ಶರ್ಟಿನ ಗುಂಡಿ ಅಡ್ಡಾದಿಡ್ಡಿ ಹಾಕಿಕೊಂಡು. ಅಂಗಳ ದಾಟಿ, ಜಗುಲಿಯ ಕಂಬಕ್ಕೆ ಹಣೆ ಒತ್ತಿ, ಕೊಡವ ಭಾಷೆಯಲ್ಲಿ ಮೆಲ್ಲಗೆ ಏನೋ ಹೇಳಿ ಅತ್ತುಬಿಟ್ಟರು. ನಾವು ಅವರನ್ನು ತಡೆಯುವಷ್ಟರಲ್ಲಿ ಒಳಗಿನಿಂದ ಉತ್ತಯ್ಯನವರ ದನಿ ಕೇಳಿತು: ‘ಯಾರದು? ಏನು ಗಲಾಟೆ?’ ಮಾದಪ್ಪ ತಲೆ ಎತ್ತಿದರು. ನಮ್ಮೆಲ್ಲರ ಮುಖ ನೋಡಿದರು, ಕ್ಯಾಮೆರಾ ನೋಡಿದರು. ತಿರುಗಿ ಗದ್ದೆ ಇಳಿದು ಹೋದರು.

ಕ್ಯಾಮೆರಾ ನಿಲ್ಲಿಸಿರಲಿಲ್ಲ. ನಿರ್ದೇಶಕ ಕೆಟ್ಟವನಲ್ಲ, ಒಳಗೆ ಹೋಗಿ ಉತ್ತಯ್ಯನವರ ಕಾಲು ಮುಟ್ಟಿ ಕ್ಷಮೆ ಕೇಳಿದ. ಆದರೆ ಸಂಜೆ ಅದನ್ನು ಪರದೆಯ ಮೇಲೆ ನೋಡಿದವನಿಗೆ ನಿದ್ದೆ ಹಾರಿಹೋಯಿತು. ಕರೆದರೆ ಜನ ಇನ್ನೂ ಓಡಿ ಬರುವ ಊರು, ಆ ಊರಿನ ಕಾಫಿ! ಹುಟ್ಟಿನ ಗುಂಡಿಗಿಂತ ಇದೇ ಮೇಲು ಎಂದ. ಮಾದಪ್ಪನವರ ಮುಖ ನೋಡಿದರೆ ಯಾವ ದೇಶದವನೂ ಅಳುತ್ತಾನೆ. ಅದಕ್ಕೆ ಬೇಕಾದದ್ದು ರಿಲೀಸ್ ಫಾರ್ಮಿನ ಮೇಲೆ ಅವರ ಸಹಿ, ತಮ್ಮ ಮುಖವನ್ನು ಬಳಸಿಕೊಳ್ಳಬಹುದು ಎಂಬ ಒಪ್ಪಿಗೆ. ಅದನ್ನು ತಂದುಕೊಟ್ಟರೆ ಪರೀಕ್ಷೆ ಮುಗಿದ ಕೂಡಲೇ ಸಂಸ್ಥೆಯಲ್ಲಿ ಕೆಲಸ ಖಾಯಂ ಎಂದು ದೇಚಮ್ಮನಿಗೆ ಮಾತು ಕೊಟ್ಟ.

ಮಾರನೇ ದಿನ ಅವಳು ಲ್ಯಾಪ್‌ಟಾಪ್ ಸಮೇತ ನನ್ನ ಮನೆಗೆ ಬಂದಳು. ಕೂರಲೂ ಇಲ್ಲ.

‘ಮುಖ ಬೇಕು ಅಂತ ನಾನೇ ಬರ್ದಿದ್ದೆ ಮೇಡಂ. ಈಗ ಮುಖ ಸಿಕ್ಕಿದೆ. ಜಗಳ ಅಜ್ಜನ ಜೊತೆ ಮಾತ್ರ, ನಾನು ಕೇಳಿದ್ರೆ ಮಾದಪ್ಪಜ್ಜ ಓದದೇ ಸೈನ್ ಹಾಕ್ತಾರೆ.’

‘ಓದದೇ ಹಾಕೋರ ಹತ್ರ ಹಾಕಿಸ್ಕೊಂಡ್ರೆ ಅದು ಸಹಿಯಲ್ಲ ಕಣೇ, ಕಳ್ಳತನ’ ಎಂದು ರೇಗಿದೆ.

‘ಹಾಗಾದ್ರೆ ಕೆಲಸ ನೀವು ಕೊಡ್ತೀರಾ?’

ಎಷ್ಟೋ ಬ್ಯಾಚುಗಳಿಗೆ ಮಾಧ್ಯಮ ನೀತಿಯ ಪಾಠ ಹೇಳಿದ್ದೇನೆ, ಅದರ ಬೆಲೆ ತೆರಬೇಕಾದವಳು ಯಾವತ್ತೂ ನಾನಾಗಿರಲಿಲ್ಲ. ಕೊನೆಗೆ, ‘ಅಂಗಳ ನಿಮ್ಮಜ್ಜಂದು. ಮೊದಲು ಅವರಿಗೆ ತೋರಿಸು’ ಎಂದೆ. ಇಬ್ಬರೂ ಹೋದೆವು.

ದಿಂಬಿಗೆ ಒರಗಿ ಉತ್ತಯ್ಯ ತಮ್ಮ ಸಾವಿಗೆ ಬಂದವರನ್ನು ನೋಡತೊಡಗಿದರು. ಮೊದಮೊದಲು ಮಜಾ ಸಿಕ್ಕಿತು. ‘ನೋಡು, ಇವ ನನ್ನ ಸಾವಿಗೂ ಲೇಟು’ ಎಂದು ಯಾರನ್ನೋ ತೋರಿಸಿ ಕೆಮ್ಮುವವರೆಗೂ ನಕ್ಕರು. ಮಾದಪ್ಪನವರ ಭಾಗ ಬಂದಾಗ ನಗು ನಿಂತಿತು. ಕಂಬಕ್ಕೆ ಕಟ್ಟಿದ್ದ ಮೈಕು ಆ ಮೆಲುದನಿಯನ್ನು ಹಿಡಿದಿತ್ತು. ಉತ್ತಯ್ಯ ಮತ್ತೆ ಹಾಕಿಸಿದರು. ಇನ್ನೊಮ್ಮೆ ಹಾಕಿಸಿದರು. ನನಗೆ ಅರ್ಥವಾಗಲೆಂದು ದೇಚಮ್ಮ ಕನ್ನಡದಲ್ಲಿ ಹೇಳಿದಳು: ‘ಅವತ್ತು ಪಂದ್ಯದಲ್ಲಿ ಅದು ಪೆನಾಲ್ಟಿ ಸ್ಟ್ರೋಕ್ ಅಲ್ಲ ಉತ್ತಯ್ಯ. ನಾನು ನೋಡಿರ್ಲೇ ಇಲ್ಲ. ನೋಡದೇ ಕೊಟ್ಟೆ.’

ಅವಳು ಸಹಿಯ ವಿಷಯ ವಿವರಿಸಿದಳು. ಕೆಲಸದ ವಿಷಯವನ್ನೂ ಮುಚ್ಚಿಡಲಿಲ್ಲ. ಮುದುಕರು ಕೈ ಚಾಚಿ ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿದರು. ನನಗೂ ತಿಳಿಯಲೆಂದು ಕನ್ನಡದಲ್ಲೇ ಹೇಳಿದರು: ‘ಮಗಾ, ಇದು ನನಗೆ ಹೇಳಿದ್ದು. ನಾನು ಸತ್ತಿದ್ದೀನಿ ಅಂತ ತಿಳ್ಕೊಂಡು ಹೇಳಿದ್ದು. ಬದುಕಿರೋ ನನಗೇ ಹೇಳಲಿಲ್ಲ ಅವ. ಇನ್ನು ಊರಿಗೆಲ್ಲ ಹೇಳಿಸ್ತೀಯಾ? ನಾನು ಕೇಳಿದ್ದೀನಿ ಅಂತ ಅವನಿಗೆ ಗೊತ್ತೇ ಆಗಬಾರದು.’ ಆಮೇಲೆ ಅವಳ ತಲೆ ಸವರಿ, ‘ನಿನ್ನ ಕೆಲಸ ಹೋಗುತ್ತಲ್ಲ’ ಎಂದು ಬೇಸರಪಟ್ಟರು.

ದೇಚಮ್ಮ ಮಾದಪ್ಪನವರ ಮನೆಗೆ ಫಾರ್ಮ್ ಒಯ್ಯಲೇ ಇಲ್ಲ. ‘ಸೈನ್ ಆಗಲ್ಲ ಸರ್’ ಎಂದು ಫೋನಿನಲ್ಲಿ ಹೇಳಿದಳು. ಧ್ವನಿ ತೆಗೆದುಬಿಡೋಣ ಎಂದು ಆ ಕಡೆಯಿಂದ ಗೋಗರೆದರು. ಇವಳು, ‘ಮುಖವೇ ಮಾತಾಡುತ್ತೆ ಸರ್, ಧ್ವನಿ ತೆಗೆದ್ರೆ ಏನು ಬಂತು’ ಎಂದಳು. ಕೆಲಸ ಅಲ್ಲಿಗೆ ಮುಗಿಯಿತು.

ನನಗೆ ಮಾತ್ರ ನೆಮ್ಮದಿಯಿರಲಿಲ್ಲ. ಆ ದೃಶ್ಯ ಅವರ ಕಂಪ್ಯೂಟರಿನಲ್ಲಿ ಇದ್ದೇ ಇದೆಯಲ್ಲ! ಸಹಿ ಇಲ್ಲದೆಯೂ ಯಾವುದೋ ದೂರದ ದೇಶದಲ್ಲಿ ಹಾಕಿಬಿಟ್ಟರೆ? ತಿಂಗಳುಗಟ್ಟಲೆ ಮೊಬೈಲಿನಲ್ಲಿ ಬರುವ ಒಂದೇ ಒಂದು ಜಾಹೀರಾತನ್ನೂ ಸ್ಕಿಪ್ ಮಾಡಲಿಲ್ಲ. ಜಾಹೀರಾತು ಕೊನೆಗೂ ಬಂತು. ಕಾಫಿ ಹೂವು, ಮಂಜು, ಬುಟ್ಟಿ, ಹಣ್ಣು ಕೊಯ್ಯುವ ಕೈಗಳು. ಕೈಗಳನ್ನು ನೋಡಿ ನಾನು ನೆಮ್ಮದಿಯ ಉಸಿರು ಬಿಟ್ಟೆ, ಹಾಗೆ ಉಸಿರು ಬಿಟ್ಟದ್ದಕ್ಕೆ ನನ್ನ ಮೇಲೇ ಸಿಟ್ಟೂ ಬಂತು.

ಈ ನಡುವೆ ಉತ್ತಯ್ಯ ಗದ್ದೆಯಾಚೆಗೆ ಹೇಳಿ ಕಳುಹಿಸಿದ್ದರು: ‘ನಾನಂತೂ ಸತ್ತಿಲ್ಲ, ನೀನು ಅಂಗಳ ತುಳಿದು ಆಗಿದೆ. ಶಪಥ ಮುರೀತು. ಕಾಫಿಗೆ ಬಾ.’ ಮಾದಪ್ಪ ಎರಡು ಸಲ ನೆಪ ಹೇಳಿ, ಮೂರನೇ ಸಲ ಬಂದರು. ಆಮೇಲೆ ದಿನಾ ಬಂದರು. ಇಬ್ಬರೂ ಮಳೆ, ಕರಿಮೆಣಸು, ಮೊಣಕಾಲು ನೋವು ಎಲ್ಲವನ್ನೂ ಮಾತಾಡಿದರು, ಹಾಕಿಯೊಂದನ್ನು ಬಿಟ್ಟು. ಒಳಗಿದ್ದ ಗುಟ್ಟನ್ನು ಉತ್ತಯ್ಯ ಕೊನೆಯವರೆಗೂ ಆಡಲಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಉತ್ತಯ್ಯನವರ ಮನೆಯ ಕಡೆಯಿಂದ ನನ್ನ ಮನೆಗೆ ಕೇಳುವಂತೆ ಗುಂಡಿನ ಸದ್ದಾಯಿತು. ಹಿಂದೆಯೇ ಇನ್ನೊಂದು. ನಾನು ಚಪ್ಪಲಿ ಹುಡುಕುತ್ತಿರುವಾಗಲೇ ಫೋನ್ ಬಂತು. ‘ಮೇಡಂ, ಮತ್ತೆ ಶೂಟಿಂಗಾ?’ ಎಂದು ಒಬ್ಬರು. ಕಟ್ ಮಾಡಿದರೆ ಇನ್ನೊಬ್ಬರು. ನಾನು ಹೋಗುವಷ್ಟರಲ್ಲಿ ಉತ್ತಯ್ಯನವರ ಅಂಗಳದಲ್ಲಿ ಹೆಚ್ಚು ಜನರಿರಲಿಲ್ಲ. ದೇಚಮ್ಮನ ಅಪ್ಪ ತಂದೆಯ ತಲೆಯ ಬಳಿ ಕೂತು, ರಿಂಗ್ ಆಗುತ್ತಲೇ ಇದ್ದ ಫೋನ್ ಎತ್ತಿ ಎತ್ತಿ, ‘ಅಲ್ಲ, ಶೂಟಿಂಗ್ ಅಲ್ಲ. ನಿಜ, ಅಪ್ಪ ಹೋದ್ರು’ ಎನ್ನುತ್ತಿದ್ದರು. ಆ ಮಾತನ್ನು ಆ ಮನುಷ್ಯನ ಬಾಯಲ್ಲಿ ಅಷ್ಟು ಸಲ ಹೇಳಿಸಿದವರಲ್ಲಿ ನಾನೂ ಒಬ್ಬಳು. ತಲೆಮಾರುಗಳಿಂದ ಯಾರೂ ಅನುಮಾನಿಸದ ಒಂದು ಮಾತು ಆ ಊರಿನಲ್ಲಿತ್ತು, ಎರಡು ಗುಂಡಿನ ಮಾತು. ಒಂದೇ ಒಂದು ಟೇಕಿನಲ್ಲಿ ಅದು ಖರ್ಚಾಗಿಹೋಗಿತ್ತು.

ದೇಚಮ್ಮ ಈಗ ಮೈಸೂರಿನಲ್ಲಿ ಬೇರೊಂದು ಜಾಹೀರಾತು ಕಚೇರಿಯಲ್ಲಿದ್ದಾಳೆ. ಸಂನ್ಯಾಸವೇನೂ ತೆಗೆದುಕೊಂಡಿಲ್ಲ. ಅವಳ ಪ್ರಬಂಧದಲ್ಲಿ ನಾನು ಕೇಳಿದ್ದ ಪ್ರಶ್ನೆಗೆ ನನ್ನ ಬಳಿ ಈಗ ಒಂದು ಉತ್ತರವಿದೆ. ಒಂದು ಮುಖವನ್ನು ತೆಗೆದುಕೊಳ್ಳುವ ಮೊದಲು, ಅದು ಯಾರ ಕಡೆಗೆ ತಿರುಗಿತ್ತು ಎಂದು ಕೇಳಬೇಕು. ನನ್ನ ವೃತ್ತಿ ಕಲಿಸಿದ್ದು ಇಷ್ಟು. ಕಲಿಯುವ ಹೊತ್ತಿಗೆ ನಿವೃತ್ತಿಯೂ ಆಯಿತು.

ಉತ್ತಯ್ಯ ಹೋದ ಆ ಮಧ್ಯಾಹ್ನ ಎಲ್ಲರಿಗಿಂತ ಮೊದಲು ಬಂದವರು ಮತ್ತೆ ಮಾದಪ್ಪನವರೇ. ಜಗುಲಿಯ ಕಂಬದ ಬಳಿ ಒಬ್ಬರೇ ಕೂತಿದ್ದರು. ಊರಿನವರ ಮೇಲಿನ ಸಿಟ್ಟು ತಡೆಯಲಾಗದೆ ಅವರನ್ನೇ ಕೇಳಿದೆ, ‘ನೀವು ಫೋನ್ ಮಾಡಿ ಕೇಳಲಿಲ್ವಾ?’

‘ಯಾಕೆ ಕೇಳೋದು ಮೇಡಂ’ ಎಂದರು. ‘ಸುಳ್ಳಾಗಿದ್ರೆ ಒಳ್ಳೇದಲ್ವಾ? ಅವನ ಜೊತೆ ಒಂದು ಕಾಫಿ ಕುಡ್ಕೊಂಡು ವಾಪಸ್ ಹೋಗ್ತಿದ್ದೆ.’